ರೋಮನ್ನರು ತಗಡಿನ ಕವಚ ಬಿಟ್ಟಿದ್ದು ಯಾಕೆ?

ಪ್ರಶ್ನೆ: ಸಿನಿಮಾಗಳಲ್ಲಿ ರೋಮನ್ ಸೈನಿಕರು ಎದೆಗೆ ಕಬ್ಬಿಣದ ಪಟ್ಟಿಗಳ ಕವಚ ಹಾಕಿರುತ್ತಾರೆ. ಅವರ ಕಾಲ ಮುಗಿದ ಮೇಲೆ ಸುಮಾರು ಸಾವಿರ ವರ್ಷ ಯುರೋಪಿನ ಸೈನಿಕರು ಸರಪಳಿ ಅಂಗಿಯಲ್ಲೇ ಕಾಣುತ್ತಾರೆ. 1400ರ ಹೊತ್ತಿಗೆ ಮತ್ತೆ ತಗಡು ಬರುತ್ತದೆ. ನಡುವೆ ತಗಡು ಬಡಿಯುವ ವಿದ್ಯೆ ಮರೆತೇಹೋಗಿತ್ತಾ? ಇನ್ನೊಂದು ಅನುಮಾನ: ನಮ್ಮ ವೀರಗಲ್ಲುಗಳಲ್ಲಿ ಯೋಧರ ಎದೆ ಬರಿದಾಗಿರುತ್ತದೆ. ನಮ್ಮವರು ಕವಚವನ್ನೇ ಹಾಕುತ್ತಿರಲಿಲ್ವಾ?

ಉತ್ತರ: ಇಲ್ಲ, ಮರೆತಿರಲಿಲ್ಲ. ಆ ಸಾವಿರ ವರ್ಷದಲ್ಲೂ ಕಮ್ಮಾರರು ಕಬ್ಬಿಣ ಬಡಿದು ಶಿರಸ್ತ್ರಾಣ ಮಾಡುತ್ತಲೇ ಇದ್ದರು. ತಲೆಗೆ ತಗಡು ಬಗ್ಗಿಸಬಲ್ಲವನಿಗೆ ಎದೆಗೆ ಬಗ್ಗಿಸುವುದು ತಿಳಿಯದ ವಿದ್ಯೆಯೇನಲ್ಲ. ಆದರೆ ಕವಚದ ವಿಷಯದಲ್ಲಿ ಮಾಡೋಕೆ ಬರುತ್ತದಾ ಅನ್ನೋದು ಸಣ್ಣ ಮಾತು. ದುಡ್ಡು ಯಾರು ಕೊಡುತ್ತಾರೆ, ಮುರಿದರೆ ಯಾರು ಸರಿಮಾಡುತ್ತಾರೆ, ಅದನ್ನು ಹೊತ್ತು ಎಷ್ಟು ದೂರ ನಡೆಯಬೇಕು, ಅಲ್ಲಿನ ಬಿಸಿಲು ಹೇಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿರುತ್ತದೆ. ಚರ್ಮ, ಕಂಚು, ಸರಪಳಿ, ತಗಡು ಅಂತ ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಚಿತ್ರಪಟಗಳು ಗೋಡೆಗೆ ಚೆನ್ನಾಗಿರುತ್ತವೆ. ನಡೆದದ್ದು ಹಾಗಲ್ಲ.

ತಗಡು ಕೊನೆಗೆ ಬಂದದ್ದು ಅನ್ನುವ ಎಣಿಕೆಯನ್ನೇ ಮೊದಲು ಬಿಡಬೇಕು. ಗ್ರೀಸ್ ದೇಶದ ಡೆಂಡ್ರಾ ಎಂಬಲ್ಲಿ 1960ರಲ್ಲಿ ಒಂದು ಸಮಾಧಿ ಅಗೆದಾಗ ಪೂರ್ತಿ ಕಂಚಿನ ಕವಚ ಸಿಕ್ಕಿತು. ಕ್ರಿ.ಪೂ. 15ನೇ ಶತಮಾನದ್ದು. ಎದೆಗೊಂದು ಬೆನ್ನಿಗೊಂದು ದೊಡ್ಡ ತಗಡು, ಭುಜಕ್ಕೆ ಬೇರೆ ತಗಡು, ಗಲ್ಲದವರೆಗೆ ಎದ್ದುನಿಂತ ಕುತ್ತಿಗೆ ಪಟ್ಟಿ, ಸೊಂಟದಿಂದ ಕೆಳಕ್ಕೆ ಒಂದರ ಕೆಳಗೊಂದು ಇಳಿಬಿದ್ದ ಅಗಲ ಪಟ್ಟಿಗಳು. ಇದನ್ನು ಹಾಕಿಕೊಂಡು ಯುದ್ಧ ಮಾಡೋದುಂಟಾ, ಸುಮ್ನೆ ಮೆರವಣಿಗೆಗೆ ಮಾಡಿದ್ದಿರಬೇಕು ಅಂತ ಹಲವರು ಅಂದುಕೊಂಡಿದ್ದರು. 2024ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗ್ರೀಕ್ ಸೇನೆಯ 13 ಮಂದಿ ಇದರ ಪ್ರತಿರೂಪ ತೊಟ್ಟು 11 ಗಂಟೆ ಅಣಕು ಕಾಳಗ ಮಾಡಿದರು. ಸುಸ್ತಾದರು, ಆದರೆ ಮಾಡಿ ಮುಗಿಸಿದರು.

ಅಂದರೆ 3400 ವರ್ಷದ ಹಿಂದೆಯೇ ಎದೆ-ಬೆನ್ನು ಮುಚ್ಚುವ ತಗಡು ಇತ್ತು. ಆಮೇಲೂ ಇತ್ತು. ಗ್ರೀಸಿನ ಆರ್ಗೋಸ್‌ನಲ್ಲಿ ಸಿಕ್ಕಿರುವ ಕ್ರಿ.ಪೂ. 8ನೇ ಶತಮಾನದ ಕಂಚಿನ ಎದೆಗವಚ ಇದಕ್ಕೆ ಸಾಕ್ಷಿ. ಆದರೆ ಕ್ರಿ.ಪೂ. 500ರ ಆಸುಪಾಸಿನಲ್ಲಿ ಗ್ರೀಕರ ಮಡಕೆ ಚಿತ್ರಗಳನ್ನು ನೋಡಿ. ಹೆಚ್ಚಿನ ಯೋಧರು ಕಂಚು ಬಿಟ್ಟು ಹಲವು ಪದರದ ನಾರುಬಟ್ಟೆಯ ಕವಚಕ್ಕೆ ಬಂದಿರುತ್ತಾರೆ. ಭುಜದ ಮೇಲಿಂದ ಎರಡು ಪಟ್ಟಿ ಎದೆಗೆ ಎಳೆದು ಕಟ್ಟುವ ತರಹದ್ದು. ಪಾಂಪೆಯಲ್ಲಿ ಸಿಕ್ಕ ಹೆಸರಾಂತ ಮೊಸಾಯಿಕ್ ಚಿತ್ರದಲ್ಲಿ ಅಲೆಕ್ಸಾಂಡರ್ ತೊಟ್ಟಿರುವುದೂ ಇದೇ ಬಗೆಯದು. ಇದಕ್ಕಿಂತ ಮಜಾ ಇನ್ನೊಂದಿದೆ. ಮ್ಯಾಸಿಡೋನಿಯಾದ ರಾಜವಂಶದ ಸಮಾಧಿಯೊಂದು ವೆರ್ಗಿನಾ ಎಂಬಲ್ಲಿ 1977ರಲ್ಲಿ ಸಿಕ್ಕಿತು. ಒಳಗೆ ಬಂಗಾರದ ಅಂಚಿನ ಕಬ್ಬಿಣದ ಕವಚವಿತ್ತು. ಅದರ ಆಕಾರ ತದ್ರೂಪ ಬಟ್ಟೆ ಕವಚದ್ದೇ! ಆ ಕಾಲದಲ್ಲಿ ಕಬ್ಬಿಣವೇ ಬಟ್ಟೆಯನ್ನು ನಕಲು ಮಾಡುತ್ತಿತ್ತು. ಮೆಟ್ಟಿಲಿನ ಚಿತ್ರಪಟದಲ್ಲಿ ಇದನ್ನು ಎಲ್ಲಿ ಕೂರಿಸುತ್ತೀರಿ?

ಈಗ ರೋಮ್‌ಗೆ ಬರೋಣ. ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪೊಲಿಬಿಯಸ್ ಒಂದು ವಿಷಯ ಬರೆದಿದ್ದಾನೆ, ನನಗೆ ಕವಚದ ಇತಿಹಾಸದಲ್ಲೆಲ್ಲ ತುಂಬಾ ಇಷ್ಟವಾದದ್ದು. ಆಗಿನ ರೋಮ್‌ನಲ್ಲಿ ಸಾಮಾನ್ಯ ಸೈನಿಕ ಎದೆಗೆ ಒಂದು ಗೇಣು ಅಗಲದ ಚೌಕ ಕಂಚಿನ ತಗಡು ಕಟ್ಟಿಕೊಳ್ಳುತ್ತಿದ್ದ. ಗುಂಡಿಗೆ ಮುಚ್ಚಿದರೆ ಸಾಕು, ಉಳಿದದ್ದು ದೇವರ ಮೇಲೆ. ಹತ್ತು ಸಾವಿರ ದ್ರಾಖ್ಮಾಕ್ಕಿಂತ ಜಾಸ್ತಿ ಆಸ್ತಿ ಇದ್ದವನು ಮಾತ್ರ ಸರಪಳಿ ಅಂಗಿ ತೊಡುತ್ತಿದ್ದ. ಒಂದೇ ಸೇನೆ, ಒಂದೇ ಸಾಲು, ಒಂದೇ ಶತ್ರು. ಎದೆಯ ಮೇಲಿದ್ದ ವ್ಯತ್ಯಾಸ ಜೇಬಿನದು. ಗಮನಿಸಿ, ಇಲ್ಲಿ ತಗಡು ಬಡವನದು, ಸರಪಳಿ ಸಾಹುಕಾರನದು.

ಈ ಸರಪಳಿ ಅಂಗಿ ರೋಮನ್ನರ ಸ್ವಂತ ಶೋಧವೇನಲ್ಲ. ಕ್ರಿ.ಪೂ. 3ನೇ ಶತಮಾನದ ಹೊತ್ತಿಗೆ ಯುರೋಪಿನ ಕೆಲ್ಟ್ ಜನರ ಹತ್ತಿರ ಇತ್ತು, ಅವರಿಂದ ಕಲಿತರು. ಇದನ್ನು ಮಾಡುವ ಕೆಲಸ ಕೇಳಿದರೆ ಬೆಲೆ ಯಾಕೆ ಜಾಸ್ತಿ ಅಂತ ಗೊತ್ತಾಗುತ್ತದೆ. ಕಬ್ಬಿಣವನ್ನು ತಂತಿಯಾಗಿ ಎಳೆಯಬೇಕು. ಕೋಲಿಗೆ ಸುತ್ತಿ ಕತ್ತರಿಸಿ ಬಳೆ ಮಾಡಬೇಕು. ಒಂದೊಂದು ಬಳೆಯ ತುದಿಗಳನ್ನು ಒಂದರ ಮೇಲೊಂದು ತಂದು ಚಪ್ಪಟೆ ಮಾಡಿ, ತೂತು ಹೊಡೆದು, ಸೂಜಿಮೊನೆಯಷ್ಟು ಸಣ್ಣ ರಿವಿಟ್ ಹಾಕಿ ಬಡಿಯಬೇಕು. ಪ್ರತಿ ಬಳೆಯೂ ಇನ್ನು ನಾಲ್ಕು ಬಳೆಗಳ ಒಳಗೆ ಹಾದುಹೋಗಿರಬೇಕು. ರೋಮನ್ನರು ಒಂದು ಸಾಲು ತಗಡಿನಿಂದ ಒತ್ತಿ ತೆಗೆದ ಇಡಿಬಳೆ, ಇನ್ನೊಂದು ಸಾಲು ರಿವಿಟ್ ಬಳೆ ಹೀಗೆ ಬೆರೆಸಿ ಕೆಲಸ ಅರ್ಧ ಮಾಡಿಕೊಂಡರು. ಆದರೂ ಒಂದು ಅಂಗಿಗೆ ಬಳೆಗಳು ಸಾವಿರಗಟ್ಟಲೆ, ಕೆಲವಕ್ಕೆ 30,000 ದಾಟುತ್ತವೆ. ತಿಂಗಳುಗಳ ದುಡಿಮೆ. ಆದರೆ ಈ ಕೆಲಸದಲ್ಲಿ ಬೇಕಾದದ್ದು ತಾಳ್ಮೆ. ದೊಡ್ಡ ಕೈಚಳಕ ಬೇಡ. ಹುಡುಗರನ್ನು ಕೂರಿಸಿಯೂ ಮಾಡಿಸಬಹುದು.

ಸಿನಿಮಾದ ಪಟ್ಟಿ ಕವಚ ಬರುವುದು ಕ್ರಿ.ಪೂ. ಕೊನೆಯ ವರ್ಷಗಳಲ್ಲಿ. ಮೊದಲ ಚಕ್ರವರ್ತಿ ಅಗಸ್ಟಸ್ ಕಾಲಕ್ಕೆ ರೋಮ್‌ನ ಸೇನೆ ಸಂಬಳದ ಸೇನೆಯಾಗಿತ್ತು, ಲಕ್ಷಗಟ್ಟಲೆ ಜನರಿಗೆ ಕವಚ ಬೇಕಿತ್ತು. ಕಬ್ಬಿಣದ ಉದ್ದ ಪಟ್ಟಿಗಳನ್ನು ಒಂದರ ಮೇಲೊಂದು ಸರಿಯುವಂತೆ ಒಳಗಡೆ ಚರ್ಮದ ಪಟ್ಟಿಗೆ ರಿವಿಟ್ ಹೊಡೆದರೆ ಆಯಿತು. ಸರಪಳಿಗಿಂತ ಎಷ್ಟೋ ಬೇಗ ಮುಗಿಯುವ ಕೆಲಸ, ತೂಕವೂ ಅದಕ್ಕಿಂತ ತುಸು ಕಡಿಮೆ. ಭುಜದ ಮೇಲೆ ಬೀಳುವ ಏಟನ್ನು ಚೆನ್ನಾಗಿ ತಡೆಯುತ್ತದೆ. ಜರ್ಮನಿಯ ಕಾಲ್ಕ್ರೀಸ್‌ನಲ್ಲಿ 2018ರಲ್ಲಿ ಇಂಥದ್ದೊಂದು ಹೆಚ್ಚುಕಡಿಮೆ ಇಡಿಯಾಗಿ ಸಿಕ್ಕಿದೆ. ಕ್ರಿ.ಶ. 9ರಲ್ಲಿ ಮೂರು ರೋಮನ್ ಲೀಜನ್‌ಗಳು (ಸಾವಿರಾರು ಜನರ ದೊಡ್ಡ ಪಡೆಗಳು) ನಾಶವಾದ ಕಾಳಗದ್ದು. ಪಾಪ, ಅದನ್ನು ತೊಟ್ಟವನ ಕೊರಳು-ಕೈಗಳಿಗೆ ಬಿಗಿಯುವ ಕಬ್ಬಿಣದ ಬೇಡಿಯೂ ಜೊತೆಯಲ್ಲೇ ಸಿಕ್ಕಿತು. ಕವಚ ಉಳಿಸಲಿಲ್ಲ ಅನ್ನಿ.

ಹಾಗಾದರೆ ಬಿಟ್ಟಿದ್ದು ಯಾಕೆ? ಉತ್ತರ ಇರುವುದು ಅದರ ಕೀಲು ಮತ್ತು ಬಕಲ್‌ಗಳಲ್ಲಿ. ಇಂಗ್ಲೆಂಡಿನ ಉತ್ತರ ತುದಿಯ ಕಾರ್‌ಬ್ರಿಡ್ಜ್‌ನಲ್ಲಿ 1964ರಲ್ಲಿ ಕಬ್ಬಿಣದ ಪಟ್ಟಿ ಹೊಡೆದ ಮರದ ಪೆಟ್ಟಿಗೆಯೊಂದು ಸಿಕ್ಕಿತು. ರೋಮನ್ನರು ಹೂತಿಟ್ಟದ್ದು. ಅದರಲ್ಲಿ ಇಂಥ ಹಲವು ಕವಚದ ಭಾಗಗಳಿದ್ದವು. ಅಲ್ಲಿಯವರೆಗೆ ಇದರ ಒಳಗಿನ ಜೋಡಣೆ ಹೇಗಿತ್ತು ಅಂತಲೇ ಸ್ಪಷ್ಟವಿರಲಿಲ್ಲ. ಆ ಭಾಗಗಳನ್ನು ನೋಡಿದರೆ ರಿಪೇರಿಯ ಮೇಲೆ ರಿಪೇರಿ. ಕೀಲು ಹೋದ ಕಡೆ ತಗಡನ್ನೇ ಸೇರಿಸಿ ಬಡಿದಿದ್ದಾರೆ. ಪಟ್ಟಿಗಳು ಕಬ್ಬಿಣ, ಕೀಲು-ಬಕಲ್‌ಗಳು ಹಿತ್ತಾಳೆಯ ತೆಳು ತಗಡು. ಎರಡು ಲೋಹ ಒಂದಕ್ಕೊಂದು ತಾಗಿ ಬೆವರು, ಮಳೆನೀರು ಸೇರಿದರೆ ತುಕ್ಕು ಬೇಗ ಹಿಡಿಯುತ್ತದೆ. ರೋಮನ್ ಕೋಟೆ ಇದ್ದಲ್ಲೆಲ್ಲ ಪುರಾತತ್ವದವರಿಗೆ ಈ ಪುಟ್ಟ ಕೀಲು, ಕೊಕ್ಕೆಗಳು ರಾಶಿ ರಾಶಿ ಸಿಗುತ್ತವೆ. ಇವು ಅಷ್ಟು ಮುರಿದು ಬೀಳುತ್ತಿದ್ದವು.

ಸರಪಳಿ ಅಂಗಿಗೆ ಈ ರಗಳೆ ಇಲ್ಲ. ನಾಲ್ಕು ಬಳೆ ಹರಿದರೆ ನಾಲ್ಕು ಬಳೆ ಹಾಕಿದರಾಯಿತು. ನಡೆಯುವಾಗ ಬಳೆಗಳು ಒಂದಕ್ಕೊಂದು ಉಜ್ಜಿ ತುಕ್ಕು ತಾನಾಗಿ ಉದುರುತ್ತದೆ. ಅಳತೆಯೂ ಅಷ್ಟು ಮುಖ್ಯವಲ್ಲ, ಅಪ್ಪನದು ಮಗನಿಗೆ, ಸತ್ತವನದು ಬದುಕಿದವನಿಗೆ ಆಗುತ್ತದೆ. ತಗಡಾದರೆ ಅಳತೆ ಸರಿ ಇಲ್ಲದಿದ್ದರೆ ಕಂಕುಳು ಕೊಯ್ಯುತ್ತದೆ. ಅಳತೆಗೆ ಸರಿಯಾಗಿ ಮೈಗೇ ಅಂಟಿದ ಕವಚ ಹೊತ್ತು ಹುಟ್ಟಿದವನು ಕರ್ಣ ಒಬ್ಬನೇ, ಅಲ್ವಾ? 3ನೇ ಶತಮಾನದಲ್ಲಿ ರೋಮ್ ಒಳಜಗಳ, ದಾಳಿಗಳ ನಡುವೆ ನಲುಗಿತು. ಸೈನ್ಯ ಸದಾ ಓಡಾಟದಲ್ಲಿ ಇರಬೇಕಾಯಿತು. ದೊಡ್ಡ ಕೋಟೆಯ ಕಮ್ಮಾರಸಾಲೆ ಹತ್ತಿರದಲ್ಲಿದ್ದರೆ ಮಾತ್ರ ಬಾಳುವ ಕವಚ ಅಲ್ಲಿಗೆ ಕಣ್ಮರೆಯಾಯಿತು. ಇದನ್ನು ಹಿನ್ನಡೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಪರಿಸ್ಥಿತಿಗೆ ಅದು ಬುದ್ಧಿವಂತ ಆಯ್ಕೆ.

ಇನ್ನೊಂದು ಮಾತು, ನಿಮ್ಮ ಎರಡನೇ ಪ್ರಶ್ನೆಗೂ ಬೇಕಾಗುತ್ತದೆ. ಪಟ್ಟಿ ಕವಚ ಇದ್ದ ಕಾಲದಲ್ಲೂ ಎಲ್ಲ ರೋಮನ್ನರು ಅದನ್ನೇ ಹಾಕುತ್ತಿರಲಿಲ್ಲ. ಚಕ್ರವರ್ತಿ ಟ್ರೇಜನ್ ಡೇಸಿಯಾ ದೇಶದ ಮೇಲೆ ನಡೆಸಿದ ಯುದ್ಧಗಳ ನೆನಪಿಗೆ ರೋಮ್ ನಗರದಲ್ಲಿ ನಿಲ್ಲಿಸಿದ ಟ್ರೇಜನ್ ಸ್ತಂಭದಲ್ಲಿ (ಕ್ರಿ.ಶ. 113) ಲೀಜನ್ ಸೈನಿಕರೆಲ್ಲ ಪಟ್ಟಿ ಕವಚದಲ್ಲಿದ್ದಾರೆ. ಅದೇ ಯುದ್ಧಗಳ ನೆನಪಿಗೆ ಈಗಿನ ರೊಮೇನಿಯಾದ ಆಡಮ್‌ಕ್ಲಿಸಿಯಲ್ಲಿ ಕ್ರಿ.ಶ. 109ರಲ್ಲಿ ಕಟ್ಟಿದ ಸ್ಮಾರಕದಲ್ಲಿ ಸೈನಿಕರು ಸರಪಳಿ ಮತ್ತು ಮೀನಿನ ಹುರುಪೆಯಂಥ ಬಿಲ್ಲೆ ಕವಚದಲ್ಲಿದ್ದಾರೆ. ರಾಜಧಾನಿಯ ಶಿಲ್ಪಿಗೆ ಯಾರು ರೋಮನ್ ಪ್ರಜೆ, ಯಾರು ಸಹಾಯಕ ಪಡೆ ಅಂತ ನೋಡುವವರಿಗೆ ತಕ್ಷಣ ಗೊತ್ತಾಗಬೇಕಿತ್ತು, ಅದಕ್ಕೊಂದು ಗುರುತು ಬಳಸಿದ. ಗಡಿಯ ಶಿಲ್ಪಿ ಕಣ್ಣೆದುರು ಕಂಡದ್ದನ್ನು ಕೆತ್ತಿದ. ಸಿನಿಮಾದವರು ನಂಬಿದ್ದು ರಾಜಧಾನಿಯವನನ್ನು.

ಸರಪಳಿ ಅಂಗಿಗೂ ದೌರ್ಬಲ್ಯವಿದೆ. ಕತ್ತಿಯ ಅಲಗನ್ನು ಅದು ಚೆನ್ನಾಗಿ ತಡೆಯುತ್ತದೆ. ಸಿನಿಮಾದಲ್ಲಿ ಒಂದೇ ಬೀಸಿಗೆ ಕವಚ ಸೀಳುವುದೆಲ್ಲ ಸುಳ್ಳು. ಆದರೆ ಬಲವಾದ ಪೆಟ್ಟು ಬಳೆಗಳನ್ನು ದಾಟಿ ಮೂಳೆಗೆ ತಾಗುತ್ತದೆ, ಚೂಪು ಮೊನೆಯ ಬಾಣ ಬಳೆ ಒಡೆದು ನುಗ್ಗಬಹುದು. ಅದಕ್ಕೇ ಒಳಗೆ ದಪ್ಪ ಅಂಗಿ. ಬಟ್ಟೆಯ ಮೇಲೆ ಬಟ್ಟೆ ಇಟ್ಟು ಒತ್ತೊತ್ತಾಗಿ ಹೊಲಿಗೆ ಹಾಕಿದ್ದು, ನಮ್ಮ ಉತ್ತರ ಕರ್ನಾಟಕದ ಕೌದಿಯನ್ನೇ ಅಂಗಿ ಮಾಡಿ ತೊಟ್ಟ ಹಾಗೆ. ನಿಜ ಹೇಳಬೇಕೆಂದರೆ ಮಧ್ಯಯುಗದ ಸೈನಿಕರಲ್ಲಿ ಬಹುಪಾಲು ಜನಕ್ಕೆ ಇದೊಂದೇ ಕವಚ. ಹೀಗೆ ದಪ್ಪ ಬಟ್ಟೆ ಮತ್ತು ಸರಪಳಿ ಕೂಡಿದಾಗ ಏನಾಗುತ್ತದೆ ಅಂತ ಕ್ರುಸೇಡ್ ಯುದ್ಧಗಳಲ್ಲಿ ಯುರೋಪಿನವರ ಎದುರು ನಿಂತ ಸುಲ್ತಾನ ಸಲಾಹುದ್ದೀನನ ಜೊತೆಗಿದ್ದ ಬಹಾಉದ್ದೀನ್ ಇಬ್ನ್ ಶದ್ದಾದ್ ಬರೆದಿಟ್ಟಿದ್ದಾನೆ. 1191ರಲ್ಲಿ ಯುರೋಪಿನ ಕಾಲಾಳುಗಳು ಪ್ಯಾಲೆಸ್ಟೈನಿನ ಕರಾವಳಿಯಲ್ಲಿ ಸಾಗುತ್ತಿದ್ದಾಗ ಮೈಮೇಲೆ ಹತ್ತು ಬಾಣದವರೆಗೆ ಚುಚ್ಚಿಕೊಂಡವರು ಸಾಲು ಬಿಡದೆ ಹಾಗೇ ನಡೆದು ಹೋಗುತ್ತಿದ್ದರಂತೆ. ಶತ್ರುವಿನ ಕಡೆಯವನೇ ಬೆರಗಾಗಿ ಬರೆದ ಸಾಕ್ಷಿ ಇದು.

ಪೂರ್ವ ದೇಶಗಳು ಬೇರೆ ದಾರಿ ಹಿಡಿದವು. ಸಣ್ಣ ಸಣ್ಣ ಬಿಲ್ಲೆಗಳನ್ನು ದಾರ ಅಥವಾ ಚರ್ಮದಿಂದ ಕಟ್ಟಿ ಜೋಡಿಸುವುದು. ಚೀನಾದ ತುರ್ಫಾನ್ ಹತ್ತಿರದ ಯಾಂಗ್‌ಹಾಯ್ ಸಮಾಧಿಯೊಂದರಲ್ಲಿ ಸಿಕ್ಕ ಚರ್ಮದ ಕವಚದಲ್ಲಿ ಐದು ಸಾವಿರಕ್ಕೂ ಜಾಸ್ತಿ ಬಿಲ್ಲೆಗಳಿವೆ, ಆದರೂ ತೂಕ 4-5 ಕಿಲೋ ಅಷ್ಟೇ. ಸುಮಾರು 2600 ವರ್ಷ ಹಳೆಯದು, ಮರುಭೂಮಿಯ ಒಣ ಹವೆಯಿಂದ ಉಳಿದಿದೆ. ಚೀನಾದ ಮೊದಲ ಚಕ್ರವರ್ತಿ ಕ್ವಿನ್‌ನ ಸಮಾಧಿಯ ಬಳಿ 1998ರಲ್ಲಿ ಸುಣ್ಣಕಲ್ಲಿನ ಬಿಲ್ಲೆಗಳನ್ನು ತಾಮ್ರದ ತಂತಿಯಿಂದ ಪೋಣಿಸಿದ ಕವಚಗಳು ಸಿಕ್ಕವು. ಅವು ಯುದ್ಧಕ್ಕಲ್ಲ, ಸತ್ತವರ ಲೋಕಕ್ಕೆ. ಆದರೆ ನಿಜವಾದ ಕವಚ ಹೇಗೆ ಕಟ್ಟುತ್ತಿದ್ದರು ಅನ್ನುವುದಕ್ಕೆ ಕಲ್ಲಿನಲ್ಲಿ ಬಿಟ್ಟ ನಕ್ಷೆ ಅವು. ಜಪಾನಿನ ಸಮುರಾಯ್ ಕವಚವೂ ಇದೇ ಮನೆತನದ್ದು, ರೇಷ್ಮೆ ಹುರಿಯಲ್ಲಿ ಕಟ್ಟಿದ್ದು. ನೋಡಲು ಸೊಗಸು, ಮಳೆಯಲ್ಲಿ ನೆನೆದರೆ ಮಾತ್ರ ಕಷ್ಟ.

ಈಗ ತಗಡು ವಾಪಸ್ ಬಂದ ಕಥೆ. ಅದು ಒಂದೇ ಸಲ ಎದೆಯ ಮೇಲೆ ಬಂದು ಕೂರಲಿಲ್ಲ. 1361ರ ಜುಲೈ 27ರಂದು ಡೆನ್ಮಾರ್ಕಿನ ದೊರೆ ನಾಲ್ಕನೇ ವಾಲ್ಡೆಮಾರನ ಸೈನ್ಯ ಗಾಟ್‌ಲ್ಯಾಂಡ್ ದ್ವೀಪದ ವಿಸ್ಬಿ ಪಟ್ಟಣದ ಗೋಡೆಯ ಹೊರಗೆ ರೈತರ ಪಡೆಯನ್ನು ಕತ್ತರಿಸಿ ಹಾಕಿತು. ಬೇಸಿಗೆ. ಹೆಣಗಳು ಬೇಗ ಕೊಳೆತವು, ಹಾಗಾಗಿ ಕವಚ ಬಿಚ್ಚದೆ ಗುಂಡಿಗೆ ಹಾಕಿದರು ಅನ್ನುತ್ತಾರೆ. 20ನೇ ಶತಮಾನದಲ್ಲಿ ಆ ಗುಂಡಿಗಳನ್ನು ಅಗೆದಾಗ ಸಾವಿರಕ್ಕೂ ಹೆಚ್ಚು ಜನರ ಮೂಳೆ, ಜೊತೆಗೆ 20ಕ್ಕೂ ಹೆಚ್ಚು ಎದೆಗವಚ ಸಿಕ್ಕವು. ಚರ್ಮ ಅಥವಾ ಬಟ್ಟೆಯ ಅಂಗಿಯ ಒಳಬದಿಗೆ ಕಬ್ಬಿಣದ ತುಂಡುಗಳನ್ನು ರಿವಿಟ್ ಹೊಡೆದು ಕೂರಿಸಿದ ಬಗೆ. ಹೊರಗಿನಿಂದ ಬಟ್ಟೆ ಕಾಣುತ್ತದೆ, ಒಳಗೆ ಕಬ್ಬಿಣ. ಮೂಳೆಗಳ ಮೇಲೆ ಕಂಡ ಗಾಯಗಳಲ್ಲಿ ಮೊಣಕಾಲಿನ ಕೆಳಗಿನವು ಬಹಳ. ಎದೆ ಮುಚ್ಚಿದವನ ಕಾಲು ಕತ್ತರಿಸುವುದು ಸುಲಭ ಅಂತ ಎದುರಾಳಿಗೆ ಗೊತ್ತಿತ್ತು.

ಈ ತುಂಡುಗಳು ದೊಡ್ಡದಾಗುತ್ತಾ ಹೋಗಿ 1400ರ ಹೊತ್ತಿಗೆ ಎದೆಗೆ ಇಡಿಯಾದ ತಗಡು ಬಂತು. ಯಾಕೆ ಆಗಲೇ? ಎರಡು ಕಾರಣ ದೊಡ್ಡವು. ಹಳೆಯ ಕುಲುಮೆಗಳಲ್ಲಿ ಒಂದು ಸಲಕ್ಕೆ ಸಿಗುತ್ತಿದ್ದ ಕಬ್ಬಿಣದ ಗಟ್ಟಿ ಚಿಕ್ಕದು, ಅದರ ತುಂಬ ಕಿಟ್ಟ. ಅದನ್ನು ದೊಡ್ಡ ತಗಡಾಗಿ ಬಡಿದರೆ ಕಿಟ್ಟ ಇದ್ದಲ್ಲಿ ಬಿರುಕು. ನೀರಿನ ಚಕ್ರದಿಂದ ತಿದಿ ಊದುವುದು, ನೀರಿನ ಬಲದಲ್ಲೇ ದೊಡ್ಡ ಸುತ್ತಿಗೆ ಎತ್ತಿ ಬಡಿಯುವುದು ಹರಡಿದ ಮೇಲೆ ದೊಡ್ಡ ಗಟ್ಟಿಗಳು ಬಂದವು, ತಗಡು ಅಗ್ಗವಾಯಿತು. ಎರಡನೆಯದು 1347ರಿಂದ ಬಡಿದ ಮಹಾಪ್ಲೇಗ್. ಯುರೋಪಿನ ಜನರಲ್ಲಿ ಮೂರನೇ ಒಂದು ಪಾಲಾದರೂ ಸತ್ತರು, ಬದುಕಿದವರ ಕೂಲಿ ಏರಿತು. ತಿಂಗಳುಗಟ್ಟಲೆ ಕೂತು ಬಳೆಗೆ ರಿವಿಟ್ ಹೊಡೆಯುವ ಕೆಲಸ ಯಾರಿಗೆ ಕಟ್ಟುತ್ತದೆ? ಕಬ್ಬಿಣ ಅಗ್ಗ, ಕೈಗೆಲಸ ತುಟ್ಟಿ ಆದಾಗ ತಗಡೇ ಲಾಭ. ಪ್ಲೇಗಿನ ಪಾಲು ಎಷ್ಟು ಅನ್ನುವುದರಲ್ಲಿ ತಜ್ಞರ ನಡುವೆ ವಾದ ಇದೆ. ನನಗೆ ಈ ಲೆಕ್ಕ ಸರಿ ಅನ್ನಿಸುತ್ತದೆ.

ಮಿಲಾನ್, ಆಗ್ಸ್‌ಬರ್ಗ್, ಇನ್ಸ್‌ಬ್ರುಕ್‌ಗಳು ಕವಚದ ಊರುಗಳಾದವು. ಮಿಲಾನಿನ ಮಿಸ್ಸಾಲಿಯಾ, ಆಗ್ಸ್‌ಬರ್ಗಿನ ಹೆಲ್ಮ್‌ಶ್ಮಿಡ್ ಮನೆತನಗಳ ಮುದ್ರೆ ಬಿದ್ದ ಕವಚಕ್ಕೆ ರಾಜರೇ ಗಿರಾಕಿಗಳು. ಬಡವನಿಗೆ ಗಂಟುಗಟ್ಟಲೆ ಮಾಡಿ ಮಾರುವ ಸಾದಾ ಎದೆತಗಡೂ ಇತ್ತು. ಒಳ್ಳೆಯ ಕವಚದಲ್ಲಿ ತಗಡಿನ ಭಾರ ಭುಜದಿಂದ ಇಳಿದು ಸೊಂಟದ ಮೇಲೆ ಕೂರುತ್ತದೆ. ತಲೆಯಿಂದ ಪಾದದವರೆಗಿನ ಇಡೀ ಕವಚ ಸಾಮಾನ್ಯವಾಗಿ 20-25 ಕಿಲೋ. ಕುದುರೆ ಮೇಲೆ ಕ್ರೇನ್‌ನಲ್ಲಿ ಎತ್ತಿ ಕೂರಿಸುತ್ತಿದ್ದರು ಅನ್ನೋದು ಕಟ್ಟುಕತೆ. ಫ್ರಾನ್ಸಿನ ಸೇನಾಧಿಪತಿ ಬೂಸಿಕೋ ಶಿರಸ್ತ್ರಾಣ ಒಂದನ್ನು ಬಿಟ್ಟು ಉಳಿದೆಲ್ಲ ಕವಚ ತೊಟ್ಟು ಲಾಗ ಹಾಕುತ್ತಿದ್ದ ಅಂತ ಅವನ ಜೀವನಚರಿತ್ರೆ ಹೇಳುತ್ತದೆ.

ಆದರೆ ಲಾಗ ಹಾಕುವುದು ಬೇರೆ, ದಿನವಿಡೀ ಕಾದಾಡುವುದು ಬೇರೆ. 2011ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಕವಚ ತೊಟ್ಟವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಅಳೆದರು. ನಡೆಯಲು ಬೇಕಾದ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು. ಕಾಲಿನ ತಗಡಿನ ಭಾರ ಒಂದು ಕಾರಣ. ಇನ್ನೊಂದು ಎದೆಯದು: ಬಿಗಿದ ತಗಡಿನೊಳಗೆ ಎದೆ ಹಿಗ್ಗುವುದಿಲ್ಲ, ಆಳವಾಗಿ ಉಸಿರು ಎಳೆಯಲಾಗದೆ ಬೇಗ ಬೇಗ ಮೇಲುಸಿರು ಬಿಡಬೇಕಾಗುತ್ತದೆ. 1415ರಲ್ಲಿ ಆಜಿನ್‌ಕೋರ್‌ನ ಕೆಸರು ಹೊಲದಲ್ಲಿ ಇಂಗ್ಲಿಷರ ಎದುರು ಸೋತ ಫ್ರೆಂಚರಿಗೆ ಬಂದ ಗತಿ ಇದರಿಂದ ಅರ್ಥವಾಗುತ್ತದೆ. ಲಾಗ ಹಾಕುತ್ತಿದ್ದ ಬೂಸಿಕೋ ಅಲ್ಲೇ ಸೆರೆಸಿಕ್ಕ.

ಹಾಗಂತ ಕವಚ ಕೆಲಸಕ್ಕೆ ಬರಲಿಲ್ಲ ಅಂತಲ್ಲ. 1485ರಲ್ಲಿ ಬಾಸ್ವರ್ತ್‌ನಲ್ಲಿ ಸತ್ತ ಇಂಗ್ಲೆಂಡಿನ ದೊರೆ ಮೂರನೇ ರಿಚರ್ಡನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್‌ನ ಒಂದು ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕಿತು. ಸಾಯುವ ಹೊತ್ತಿನ 11 ಗಾಯಗಳಲ್ಲಿ 9 ತಲೆಬುರುಡೆಯ ಮೇಲೆ. ಮುಂಡದ ಮೇಲಿನ ಎರಡು ಗಾಯ ಕವಚ ಬಿಚ್ಚಿದ ಮೇಲೆ ಹೆಣದ ಮೇಲೆ ಮಾಡಿದ್ದಿರಬೇಕು ಅನ್ನುವುದು ಪರೀಕ್ಷಿಸಿದವರ ಅಭಿಪ್ರಾಯ. ಎದೆಯ ತಗಡು ತನ್ನ ಕೆಲಸ ಮಾಡಿತ್ತು. ಆತನ ತಲೆ ಮಾತ್ರ ಆ ಹೊತ್ತಿಗೆ ಬರಿದಾಗಿತ್ತು.

ಈಗ ವೀರಗಲ್ಲು. ಇಲ್ಲಿ ಆಡಮ್‌ಕ್ಲಿಸಿಯ ಪಾಠ ನೆನಪಿರಲಿ. ಕಲ್ಲಿನಲ್ಲಿ ಇರುವುದು ಶಿಲ್ಪಿಯ ರೂಢಿ, ಯುದ್ಧದ ಫೋಟೋ ಅಲ್ಲ. ಜೊತೆಗೆ ಪೊಲಿಬಿಯಸ್‌ನ ಗೇಣಗಲದ ತಗಡೂ ನೆನಪಿರಲಿ. ತುರುಗೊಳ್ಳುವವರನ್ನು ಅಟ್ಟಿ ದನ ಬಿಡಿಸಿಕೊಂಡು ಸತ್ತವರಿಗೆ ನಿಲ್ಲಿಸಿದ ಕಲ್ಲುಗಳು ನಮ್ಮಲ್ಲಿ ಎಷ್ಟೋ ಇವೆ. ಹಟ್ಟಿಗೆ ಕಳ್ಳರು ಬಿದ್ದಾಗ ಕೈಗೆ ಸಿಕ್ಕ ಕತ್ತಿ, ಗುರಾಣಿ ಹಿಡಿದು ಓಡಿದ ಊರಿನವನಿಗೆ ಕವಚ ಎಲ್ಲಿಂದ ಬರಬೇಕು?

ರಾಜನ ಸೇನೆಯ ಮಾತು ಬೇರೆ. 1520ರ ಸುಮಾರಿಗೆ ವಿಜಯನಗರದಲ್ಲಿದ್ದ ಪೋರ್ಚುಗೀಸ ಡೊಮಿಂಗೊ ಪೇಸ್, ಮಹಾನವಮಿ ಮುಗಿದ ಮೇಲೆ ಕೃಷ್ಣದೇವರಾಯ ಸೇನೆ ಪರಿಶೀಲಿಸಿದ್ದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಕುದುರೆ ಸವಾರರು ತೊಟ್ಟಿದ್ದು ಜರಿ, ಮಖಮಲ್ಲು, ರೇಷ್ಮೆಯ ದಪ್ಪ ಅಂಗಿ. ಅದರೊಳಗೆ ಗಟ್ಟಿಯಾದ ಹಸಿಚರ್ಮದ ಪದರಗಳು, ಅದಕ್ಕೆ ಕಬ್ಬಿಣದ ತಗಡುಗಳು. ಕೆಲವರ ತಗಡಿಗೆ ಚಿನ್ನದ ಲೇಪ, ಕೆಲವರದು ಬೆಳ್ಳಿಯದೇ. ವಿಸ್ಬಿಯ ಗುಂಡಿಯಲ್ಲಿ ಸಿಕ್ಕದ್ದರ ಜಾತಿಯದೇ ಇದು, ಬಟ್ಟೆ, ಚರ್ಮ, ಕಬ್ಬಿಣ ಮೂರೂ ಕೂಡಿದ್ದು. ಇಟಲಿಯಂತೆ ಇಡಿ ತಗಡಿಗೆ ನಮ್ಮವರು ಹೋಗಲಿಲ್ಲ. ಬಳ್ಳಾರಿ-ರಾಯಚೂರಿನ ಬಿಸಿಲು ಕಂಡವರಿಗೆ ಕಾರಣ ಕೇಳಬೇಕಾಗಿಲ್ಲ. ಬಟ್ಟೆ, ಚರ್ಮ ನಮ್ಮ ಮಳೆ-ಗೆದ್ದಲಿಗೆ ಉಳಿಯುವುದೂ ಇಲ್ಲ, ಹಾಗಾಗಿ ವಸ್ತುಸಂಗ್ರಹಾಲಯದಲ್ಲಿ ಇವು ಕಾಣುವುದು ಅಪರೂಪ.

ಬರಿ ಮೈಯ ಕಾಲಾಳಿನ ಬಗ್ಗೆಯೂ ಸಾಕ್ಷಿ ಇದೆ. ಇನ್ನೊಬ್ಬ ಪೋರ್ಚುಗೀಸ, ಕುದುರೆ ವ್ಯಾಪಾರಿ ನೂನಿಜ್, ಅದೇ 1520ರಲ್ಲಿ ರಾಯಚೂರಿನ ಮೇಲೆ ಹೊರಟ ವಿಜಯನಗರದ ಸೇನೆಯನ್ನು ವರ್ಣಿಸುತ್ತಾ ಹೇಳುತ್ತಾನೆ: ಬಿಲ್ಲಾಳುಗಳು, ಕೋವಿಯವರು ಹತ್ತಿ ತುಂಬಿ ಹೊಲಿದ ಅಂಗಿ ತೊಟ್ಟಿದ್ದರು. ಗುರಾಣಿಯವರಿಗೆ ಮಾತ್ರ ಮೈಗವಚದ ಅಗತ್ಯವೇ ಇರಲಿಲ್ಲ. ಇಡೀ ಮೈ ಮುಚ್ಚುವಷ್ಟು ದೊಡ್ಡ ಗುರಾಣಿ ಅವರ ಕೈಯಲ್ಲಿತ್ತು.